ಗೆರೆಯಿಲ್ಲದ ಕನ್ನಡಕವೂ ಮಾವನವರ ಮೊಪೆಡ್ಡೂ

ಬೆಳಗಿನ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ನನ್ನ ಮಾವನವರಿಗೆ ಪ್ರಪಂಚವೆಲ್ಲ ಸ್ಪಷ್ಟವಾಗಿ ಕಾಣತೊಡಗಿತು. ಅನಾಹುತ ಶುರುವಾದದ್ದೇ ಆಗ.

ಹೊತ್ತು ಇಷ್ಟು ಖಚಿತವಾಗಿ ಹೇಗೆ ಗೊತ್ತು ಅಂತ ನೀವು ಕೇಳಬಹುದು. ಅದನ್ನು ಓದಿ ಹೇಳಿದವರೇ ಮಾವ. ಶ್ರೀರಂಗಪಟ್ಟಣದಿಂದ ಊರಿಗೆ ಹೊರಟ ಮೊಪೆಡ್ಡು ನಾಲೆ ಏರಿಯ ಮೇಲೆ ಓಡುತ್ತಿತ್ತು. ಮುಂದೆ ಹೊಸ ಕನ್ನಡಕ ಹಾಕಿಕೊಂಡ ಮಾವ, ಹಿಂದಿನ ಸೀಟಿನಲ್ಲಿ ಅವರ ಜುಬ್ಬಾ ಹಿಡಿದುಕೊಂಡ ನಾನು. "ಅಳಿಯಂದ್ರೇ, ನಿಮ್ಮ ವಾಚು ವಸಿ ಇತ್ತಾಗೆ ತನ್ನಿ" ಅಂದರು. ಅವರ ಹೆಗಲ ಮೇಲಿಂದ ಕೈ ಚಾಚಿ ಮೂಗಿನ ಮುಂದೆ ಹಿಡಿದೆ. ಅಳಿಯನಾದವನು ಹಿಡಿ ಅಂದದ್ದನ್ನು ಹಿಡಿಯಬೇಕಲ್ಲ.

"ಅತ್ತು ಗಂಟೆ ಅದಿನೇಳು ನಿಮ್ಸ!" ಅಂತ ಮಾವ ಕೂಗಿದರು. "ಸಣ್ಣ ಮುಳ್ಳೂ ಕಾಣ್ತದೆ, ಅಗೋ ಆ ಕುಂತಿಬೆಟ್ಟನೂ ಕಾಣ್ತದೆ. ಒಂದೇ ಕನ್ನಡಕ್ದಾಗೆ!"

ಅವರು ವಾಚು ಓದುತ್ತಿದ್ದಷ್ಟು ಹೊತ್ತು ರಸ್ತೆಯನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂಬುದಕ್ಕೆ ನನಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಮೊನ್ನೆ ಮೇಜಿನ ಡ್ರಾಯರು ಚೊಕ್ಕಟ ಮಾಡುವಾಗ ಆ ವಾಚು ಸಿಕ್ಕಿತು. ಗಾಜಿನೊಳಗೆ ಇನ್ನೂ ಒಂದು ಚಿಟಿಕೆ ಕೆಸರಿದೆ. ಕೈಗೆತ್ತಿಕೊಂಡದ್ದೇ ತಡ, ನನ್ನ ಬಲಗಾಲು ತಾನಾಗಿಯೇ ನೆಲವನ್ನು ಬಲವಾಗಿ ಒತ್ತಿತು. ಇಲ್ಲದ ಬ್ರೇಕನ್ನು ಒತ್ತುವ ಈ ಹಳೆಯ ಚಟ ನನಗೆ ಮೊದಲು ಅಂಟಿಕೊಂಡದ್ದು ಆ ದಿನ. ಸದ್ದು ಕೇಳಿ ನನ್ನ ಹೆಂಡತಿ ಸುಜಾತ ಅಡುಗೆಮನೆಯಿಂದಲೇ, "ಯಾಕೆ, ತಿರ್ಗಾ ಟ್ರಾಕ್ಟ್ರು ಬಂತಾ?" ಅಂದಳು.

ಟ್ರಾಕ್ಟರಿನ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಕನ್ನಡಕದ ವಿಷಯ ಹೇಳಬೇಕು.

ಕನ್ನಡಕ ಅನ್ನುವುದು ಒಬ್ಬರ ಸ್ವಂತದ್ದು ಎಂಬುದೇ ನನಗೆ ದೊಡ್ಡವನಾಗುವವರೆಗೆ ಗೊತ್ತಿರಲಿಲ್ಲ. ನಾನು ಬೆಳೆದದ್ದು ನಾಗಮಂಗಲದಲ್ಲಿ. ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಕನ್ನಡಕ, ನಮ್ಮಜ್ಜಿಯದು. ಅದರ ಒಂದು ಕಡ್ಡಿ ಮುರಿದು ಆ ಜಾಗಕ್ಕೆ ಗೋಣಿದಾರ ಬಂದಿತ್ತು; ದಾರವನ್ನು ಕಿವಿಗೆ ಸುತ್ತಿಕೊಳ್ಳಬೇಕು. ಸೂಜಿ ಪೋಣಿಸುವವರು, ಕಾಲಿನ ಮುಳ್ಳು ತೆಗೆಯುವವರು, ಲಗ್ನಪತ್ರಿಕೆಯಲ್ಲಿ ತಮ್ಮ ಹೆಸರು ಯಾರ ಹೆಸರಿನ ಕೆಳಗಿದೆ ಅಂತ ನೋಡಿ ಜಗಳಕ್ಕೆ ಹೊರಡುವವರು, ಎಲ್ಲರೂ "ಅಜ್ಜೀ, ನಮ್ ಕನ್ನಡಕ ಕೊಡಿ" ಅಂತಲೇ ಬರುತ್ತಿದ್ದರು. ಅದು ಎಲ್ಲ ಮೂಗಿಗೂ ಹೊಂದುತ್ತಿತ್ತು. ಎಲ್ಲ ಕಣ್ಣಿಗೂ ಕಾಣಿಸುತ್ತಿತ್ತು. ಕಾಣಿಸದವರೂ ಮರ್ಯಾದೆಗೆ ಕಾಣಿಸಿತು ಅನ್ನುತ್ತಿದ್ದರು. ಕನ್ನಡಕ ಹೀಗೆ ಬೀದಿ ಸುತ್ತಲು ಹೋದ ದಿನ ಅಜ್ಜಿಯ ಅಡುಗೆ ಅಂದಾಜಿನ ಮೇಲೆ ನಡೆಯುತ್ತಿತ್ತು. ಒಮ್ಮೆ ಒಗ್ಗರಣೆಗೆ ಸಾಸಿವೆಯ ಬದಲು ರಾಗಿ ಹಾಕಿ, "ಏನ್ ಬಂತು ಈ ಸಾಸ್ವೆಗೆ, ಸಿಡಿಯಾಕೇ ಒಲ್ದು" ಅಂತ ಬಾಣಲೆಯನ್ನು ಬಯ್ಯುತ್ತಾ ಕೂತಿದ್ದರು.

ಇಂಥ ಬೀದಿಯಿಂದ ಬಂದ ನನಗೆ, ಒಬ್ಬರ ಒಂದು ಜೊತೆ ಕಣ್ಣಿಗಾಗಿ ನಾಲ್ಕು ಊರಿನ ಅಂಗಡಿ ಅಲೆಯುವ ಯೋಗ ಬರೆದಿತ್ತು.

ಮಾವನವರ ಹೆಸರು ತಮ್ಮಯ್ಯಗೌಡರು. ಊರು ಪಾಂಡವಪುರ ತಾಲೂಕು, ಕ್ಯಾತನಹಳ್ಳಿಯ ಹತ್ತಿರ. ನಾನು ಆಗ ಪಾಂಡವಪುರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ ಮತ್ತು ಮಾವನ ಮನೆಯಲ್ಲಿ ಊಟ ಮಾಡುತ್ತಿದ್ದೆ. ಮನೆ ಅಳಿಯ ಅಂತ ದಯವಿಟ್ಟು ತಿಳಿಯಬೇಡಿ. ಪಾಂಡವಪುರದಲ್ಲಿ ಒಳ್ಳೆಯ ಬಾಡಿಗೆ ಮನೆ ಸಿಗುವವರೆಗೆ ಅಂತ ಬಂದಿದ್ದೆ. ಅತ್ತೆಯ ಕೈ ಅಡುಗೆ ಚೆನ್ನಾಗಿದ್ದುದರಿಂದ ಒಳ್ಳೆಯ ಬಾಡಿಗೆ ಮನೆ ಬೇಗ ಸಿಗಲಿಲ್ಲ, ಅಷ್ಟೆ.

ಮಾವ ಎತ್ತಿನ ವ್ಯಾಪಾರದಲ್ಲಿ ಸುತ್ತಮುತ್ತ ಹೆಸರಾದವರು. ಯಾರೇ ಎತ್ತು ಕೊಳ್ಳಲಿ, ಮಾವನನ್ನೇ ಕರೆದುಕೊಂಡು ಹೋಗುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಅವರ ಕಾಲು ಅಂದರೆ ಮೊಪೆಡ್ಡೇ. ಗದ್ದೆಗೆ, ಸಂತೆಗೆ, ಯಾರದೋ ಹಸು ಕರು ಹಾಕಲು ಒದ್ದಾಡುತ್ತಿದೆ ಅಂದರೆ ಅಲ್ಲಿಗೆ, ಎಲ್ಲಕ್ಕೂ ಅದೇ. ಅದಿಲ್ಲದಿದ್ದರೆ ಅವರು ಜಗಲಿ ಕಂಬಕ್ಕೆ ಒರಗಿ, ಹೋಗೋ ಬಸ್ಸು ಬರೋ ಬಸ್ಸು ನೋಡುತ್ತಾ ಕೂರಬೇಕಾಗಿತ್ತು. ಅಂಥ ಗಂಡಸರನ್ನು ಅವರು ಜೀವಮಾನವಿಡೀ ಗೇಲಿ ಮಾಡಿದ್ದರು.

ತೊಂದರೆ ಎಂದರೆ ಅವರಿಗೆ ಎರಡು ಕನ್ನಡಕಗಳಿದ್ದವು. ಒಂದು ದೂರಕ್ಕೆ, ಒಂದು ಹತ್ತಿರಕ್ಕೆ. ದೂರದ್ದು ಬೇಕಾದಾಗ ಹತ್ತಿರದ್ದು ಜೇಬಿನಲ್ಲಿರುತ್ತಿತ್ತು. ಹತ್ತಿರದ್ದು ಬೇಕಾದಾಗ ಯಾವುದೂ ಇರುತ್ತಿರಲಿಲ್ಲ. ಒಂದು ದಿನ ಪೇಪರು ಓದುವ ಕನ್ನಡಕದಲ್ಲೇ ಮೊಪೆಡ್ಡು ಹತ್ತಿ, ಅಂಗಳದಲ್ಲಿ ಒಣಗಲು ಹಾಕಿದ್ದ ಅತ್ತೆಯ ಸಂಡಿಗೆಯ ಮೇಲೆ ಹಾದುಹೋದರು. ಹೋಗುವಾಗ ಒಂದು ಸಲ, ಏನಾಯಿತು ಅಂತ ನೋಡಲು ವಾಪಸ್ಸು ಬರುವಾಗ ಇನ್ನೊಂದು ಸಲ.

ಅತ್ತೆ ನಿಂಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು. "ಯುಗಾದಿ ಒಳಗೆ ಕಣ್ಣು ನೆಟ್ಟಗೆ ಮಾಡ್ಕಂಬಂದ್ರೆ ಸರಿ. ಇಲ್ದಿದ್ರೆ ಈ ಗಾಡೀನ ಗುಜರಿಗ್ ಆಕ್ಬುಡ್ತೀನಿ. ನನ್ ಎಮ್ಮೆ ಮಾರಿ ತಂದಿದ್ದು ಅದು, ನೆಪ್ಪಿರ್ಲಿ."

"ಆಕ್ತಾಳಂತೆ!" ಅಂತ ಮಾವ ನಕ್ಕರು. ಆದರೆ ರಾತ್ರಿ ಊಟಕ್ಕೆ ಕೂತಾಗ ಒಂದು ಮುದ್ದೆ ಕಡಿಮೆ ತಿಂದರು. ಅತ್ತೆ ಆಡಿದ್ದನ್ನು ಮಾಡುವವರು ಅಂತ ಅವರಿಗೂ ಗೊತ್ತಿತ್ತು.

ದೂರಕ್ಕೂ ಹತ್ತಿರಕ್ಕೂ ಆಗುವ ಗೆರೆ ಇರುವ ಕನ್ನಡಕ ತರೋಣ ಅಂದೆ. ಮಾವ ಒಪ್ಪಲಿಲ್ಲ. "ಆ ಗೆರೆ ಅಲ್ಲ ಕಣ್ರಪ್ಪ ಅದು, ಮುದುಕ ಅಂತ ಬೋರ್ಡು. ಮೈಸೂರ್ ಬೀಗ್ರು ಆಕ್ಕಂಡವ್ರಲ್ಲ, ಗೆರೆ ಇಲ್ದಿದ್ದು, ಅದೇ ಬೇಕು." ಮೈಸೂರಿನ ಬೀಗರೆಂದರೆ ಅವರ ಕಿರಿಮಗಳ ಮಾವ. ಅವರು ಹಬ್ಬಕ್ಕೆ ಬಂದಿದ್ದಾಗ ಮೇಲೆ ನೋಡಿ ಟೀವಿ, ಕೆಳಗೆ ನೋಡಿ ಪೇಪರು, ಮಧ್ಯೆ ನೋಡಿ ಕೋಳಿಸಾರು, ಮೂರನ್ನೂ ಒಂದೇ ಕನ್ನಡಕದಲ್ಲಿ ನಿಭಾಯಿಸಿದ್ದನ್ನು ಮಾವ ಬಾಯಿ ಬಿಟ್ಟುಕೊಂಡು ನೋಡಿದ್ದರು. ಪ್ರೋಗ್ರೆಸಿವ್ ಅಂತ ಅದರ ಹೆಸರು. ನಮ್ಮ ಕಡೆ ಆಗಿನ್ನೂ ಹೊಸದು, ಬೆಲೆಯೂ ಜಾಸ್ತಿ. ಕಡಿಮೆಗೆ ಎಲ್ಲಿ ಸಿಗುತ್ತದೆ ಅಂತ ಹುಡುಕಬೇಕು.

"ಒಂದೇ ಸಂತೇಲಿ ಎತ್ತು ಕೊಳ್ಬಾರ್ದು" ಅಂದರು ಮಾವ. ಕನ್ನಡಕವನ್ನು ಕೊಳ್ಳಲು ಅವರಿಗೆ ಗೊತ್ತಿದ್ದದ್ದು ಎತ್ತು ಕೊಳ್ಳುವ ಶಾಸ್ತ್ರ ಒಂದೇ. ಬೆಲೆಯನ್ನೂ ಅವರು ರೂಪಾಯಿಯಲ್ಲಿ ಯೋಚಿಸುತ್ತಿರಲಿಲ್ಲ. ಪಾಂಡವಪುರದ ಅಂಗಡಿಯವನು ಹೇಳಿದ್ದನ್ನು ಕೇಳಿ ಹೊರಗೆ ಬಂದು, "ಒಂದು ಟಗರು" ಅಂದರು. ಕೊಳ್ಳಬಹುದಾಗಿತ್ತು. ಆದರೆ ಆ ಅಂಗಡಿಯವನು ದೂರದ ಸಂಬಂಧಿ. ನೆಂಟರ ಹತ್ತಿರ ಎತ್ತು ತಂದರೆ ಎತ್ತೂ ಹೋಗುತ್ತದೆ, ನೆಂಟರೂ ಹೋಗುತ್ತಾರೆ ಅನ್ನುವುದು ಶಾಸ್ತ್ರದ ಮೊದಲ ಸೂತ್ರ. ಅದಕ್ಕೂ ಮೇಲಾಗಿ ಅವನು, "ದೊಡ್ಡಪ್ಪ, ನಿಮ್ ವಯಸ್ಸಿಗೆ ಗೆರೆ ಇರೋದೇ ಲಕ್ಷಣ" ಅಂದುಬಿಟ್ಟಿದ್ದ.

ಕೆ.ಆರ್. ಪೇಟೆಯ ಅಂಗಡಿಯಲ್ಲಿ ಅರ್ಧ ಭಾಗ ವಾಚು ರಿಪೇರಿ, ಅರ್ಧ ಕನ್ನಡಕ. ಮಾವ ಒಂದು ಫ್ರೇಮು ಎತ್ತಿಕೊಂಡು ಅದರ ಕಡ್ಡಿಗಳನ್ನು ಅಗಲಿಸಿ, ಒಳಗೆ ಇಣುಕಿ ನೋಡಿದರು. ಹಲ್ಲು ಎಣಿಸುತ್ತಿದ್ದಾರೆ ಅಂತ ನನಗೆ ಮಾತ್ರ ಗೊತ್ತಾಯಿತು. ಆಮೇಲೆ ಹೆಗಲ ಟವೆಲ್ಲು ತೆಗೆದು ಅಂಗಡಿಯವನ ಅಂಗೈ ಮೇಲೆ ಹೊದಿಸಿ, ಅದರ ಕೆಳಗೆ ಅವನ ಬೆರಳು ಹಿಡಿದುಕೊಂಡರು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ, ಅಕ್ಕಪಕ್ಕದವರಿಗೆ ಗೊತ್ತಾಗಬಾರದು ಅಂತ. ಆ ಬಡಪಾಯಿಗೆ ಇದು ಗೊತ್ತಿಲ್ಲ. ತನಗಿಂತ ದೊಡ್ಡ ಗಂಡಸು, ಪರಿಚಯವಿಲ್ಲದವರು, ಟವೆಲ್ಲಿನೊಳಗೆ ಕೈ ಹಿಡಿದು ಮೆಲ್ಲಗೆ ಮಧ್ಯದ ಬೆರಳು ಒತ್ತುತ್ತಾ ಸೂರು ನೋಡುತ್ತಿದ್ದಾರೆ. ಅವನು ಬೆವರಿದ. "ಸಾರ್, ಇವರಿಗೆ ಹುಷಾರಿಲ್ವಾ?" ಅಂತ ನನ್ನನ್ನು ಕೇಳಿದ. ಆಮೇಲೆ ಬೆಲೆಯನ್ನು ಬಾಯಿಬಿಟ್ಟೇ ಹೇಳಿದ. ಹೊರಗೆ ಬಂದ ಮೇಲೆ ಮಾವ, "ಯಾಪಾರ ಗೊತ್ತಿಲ್ದೋನು. ಟಗರಿನ ಜೊತೆ ಮೇಕೆನೂ ಕೇಳ್ತಾನೆ" ಅಂದರು.

ನಾಗಮಂಗಲದಲ್ಲಿ ನಡೆದದ್ದನ್ನು ನಾನು ಹೇಳಬಾರದು, ಅದು ನನ್ನ ಊರು. ಆ ಅಂಗಡಿಯವನ ಹತ್ತಿರ ತೋರಿಸಲು ಅಂತಲೇ ಒಂದು ಗೆರೆಯಿಲ್ಲದ ಕನ್ನಡಕವಿತ್ತು. ಮಾವ ಹಾಕಿಕೊಂಡರು. ಹಾಕಿಕೊಂಡು ಅಂಗಡಿ ಇಳಿದರು. ಎತ್ತನ್ನು ನಿಲ್ಲಿಸಿ ನೋಡಿ ಕೊಳ್ಳುವುದುಂಟೇ? ನಡೆಸಿ ನೋಡಬೇಕು. ಮಾವ ಬೀದಿ ಹಿಡಿದು ನಡೆದೇ ನಡೆದರು. ಅಂಗಡಿಯವನು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, "ಗೌಡ್ರೇ, ಸ್ಯಾಂಪಲ್ಲು! ಅದು ಸ್ಯಾಂಪಲ್ಲು!" ಅಂತ ಹಿಂದೆ ಓಡಿದ. ಅವನ ಹಿಂದೆ ನಾನು. ಬಸ್ ಸ್ಟ್ಯಾಂಡಿನಲ್ಲಿ ಮಾವ ಸಿಕ್ಕಿದಾಗ ಆದಿಚುಂಚನಗಿರಿಗೆ ಹೋಗುವ ಬಸ್ಸಿನ ಬೋರ್ಡನ್ನು ಓದಲು ಹೆಣಗುತ್ತಾ, "ಇದು ಬಲಕ್ಕೆ ಎಳೀತದೆ, ಬ್ಯಾಡ" ಅಂದರು. ನನ್ನ ಪ್ರೈಮರಿ ಸ್ಕೂಲಿನ ಮೇಷ್ಟರು ಅದೇ ಬಸ್ಸಿನ ಕಿಟಕಿಯಿಂದ ನನ್ನನ್ನು ಗುರುತಿಸಿದರು. ಇತಿಹಾಸದ ಮೇಷ್ಟರಾದ ಮೇಲೆ ಹುಡುಗ ಹೀಗಾದ ಅಂತ ಅಂದುಕೊಂಡಿರಬೇಕು.

ಕೊನೆಗೆ ಶ್ರೀರಂಗಪಟ್ಟಣ. ಕೋಟೆ ಗೋಡೆಯ ಹತ್ತಿರ ಬಾಷಾ ಸಾಹೇಬರದು ಸಣ್ಣ ಅಂಗಡಿ, ಹಿಂದೆಯೇ ಮನೆ. ಮಾವ ಟವೆಲ್ಲು ತೆಗೆದರು. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಸಾಹೇಬರು ಕೈ ಚಾಚಿ, "ಅರೇ ವ್ಹಾ ಗೌಡ್ರೇ! ನಮ್ಮ ಅಬ್ಬಾ ಸಂತೇಲಿ ದಲ್ಲಾಳಿ ಆಗಿದ್ರು. ಹಿಡೀರಿ" ಅನ್ನುತ್ತಿದ್ದರು.

ಆಮೇಲಿನದು ನೋಡುವಂಥದ್ದು. ಮಾವ ಸೂರು ನೋಡುತ್ತಿದ್ದಾರೆ, ಸಾಹೇಬರು ರಸ್ತೆ ನೋಡುತ್ತಿದ್ದಾರೆ, ಇಬ್ಬರ ಮುಖವೂ ಕಲ್ಲು. ನಡುವೆ ಟವೆಲ್ಲು ಮಾತ್ರ ಚೀಲದೊಳಗೆ ಎರಡು ಬೆಕ್ಕು ಬಿಟ್ಟಂತೆ ಎದ್ದು ಬಿದ್ದು ಒದ್ದಾಡುತ್ತಿದೆ.

"ಏನ್ ಸಾಬ್ರೇ, ಬೆರಳು ಮುರೀತೀರಾ?"

"ನೀವು ನನ್ನ ಹೊಟ್ಟೆ ಮುರೀತಾ ಇದ್ದೀರಲ್ಲ ಗೌಡ್ರೇ! ಫಾರಿನ್ ಕಂಪ್ನಿ ಬ್ಯಾಡ, ನಮ್ಮ ದೇಶದ್ದೇ ಹಾಕ್ತೀನಿ. ಕೆಲ್ಸ ಅದೇ, ಹೆಸ್ರು ಬ್ಯಾರೆ."

ಟವೆಲ್ಲು ಕೊನೆಗೊಮ್ಮೆ ನಡುಗಿ ಸುಮ್ಮನಾಯಿತು. ಮಾವ ನನ್ನ ಕಿವಿಯಲ್ಲಿ, "ಟಗರಿಗೆ ಒಂದು ತೊಡೆ ಕಡ್ಮೆ" ಅಂದರು. ಸಾಹೇಬರು ಮೂಗಿನ ಮೇಲೆ ಸ್ಕೇಲು ಇಟ್ಟು ಅಳತೆ ತೆಗೆದು, "ಎಂಟು ದಿನ ಹಾಕಿ ನೋಡಿ. ಒಗ್ಗದಿದ್ರೆ ವಾಪಸ್ ತನ್ನಿ" ಅಂದರು. ಇಷ್ಟು ಅಂದದ್ದೇ ತಪ್ಪಾಯಿತು.

ಕನ್ನಡಕ ತರಲು ಹೋದ ದಿನ ಸಾಹೇಬರು ಇರಲಿಲ್ಲ. ಅವರ ಹೆಂಡತಿ ಒಳಗಿನಿಂದ ಡಬ್ಬಿ ತಂದುಕೊಟ್ಟು, "ಅವ್ರು ಮೈಸೂರಿಗೆ ಹೋಗಿದಾರೆ ಗೌಡ್ರೇ. ಸಾಯಂಕಾಲ ಬಂದ್ರೆ ಮೂಗಿಗೆ ಕೂರಿಸಿ ಒರೆಸಿ ಕೊಡ್ತಾರೆ" ಅಂದರು. ಮಾವ ಆಗಲೇ ಹಾಕಿಕೊಂಡಿದ್ದರು. ಎರಡು ಗಾಜಿನ ಮೇಲೂ ಹಳದಿ ಶಾಯಿಯ ಗುರುತುಗಳಿದ್ದವು. ನಟ್ಟನಡುವೆ ಲೆಕ್ಕದ ಪ್ಲಸ್ಸಿನಂಥದ್ದು, ಅದರ ಕೆಳಗೊಂದು ಪುಟ್ಟ ವೃತ್ತ, ಅಕ್ಕಪಕ್ಕ ಎರಡು ಗೀಟು. ಕಣ್ಣಿಗೆ ಸರಿಯಾಗಿ ಕೂತಿದೆಯೇ ಅಂತ ನೋಡಲು ಕಂಪನಿಯವರು ಹಾಕಿರುತ್ತಾರೆ. ನೋಡಿದ ಮೇಲೆ ಅಂಗಡಿಯವರು ಅಳಿಸಿಬಿಡುತ್ತಾರೆ.

"ಅಯ್ಯೋ ಗೌಡ್ರೇ, ಗುರುತು ಅಳಿಸಿ ಹಾಕ್ಕೋಬೇಕು" ಅಂದರು ಆ ತಾಯಿ.

"ಅಳಿಸಬಹುದಂತೆ ಮಾವ" ಅಂದೆ ನಾನೂ.

"ನೀವ್ ಓದಿರೋರು, ನಿಮ್ಗೆ ತಿಳಿಯಾಕಿಲ್ಲ" ಅಂದರು ಮಾವ. "ಎತ್ತು ಎಂಟು ದಿನಕ್ಕೆ ಅಂತ ಉಳಾಕ್ ತಂದಾಗ ಮಾರೋನು ಕೊಂಬಿಗೆ ಬಳಿದಿರೋ ಬಣ್ಣ ಅಳಿಸ್ತಾರಾ? ಅಳಿಸಿದ್ರೆ ಯಾಪಾರ ಮುಗೀತು ಅಂತ ಅರ್ತ. ಆಮ್ಯಾಕೆ ವಾಪಸ್ ತಗಳಾಕಿಲ್ಲ. ಒಗ್ಗಾಗಂಟ ಗುರುತು ಇರ್ಬೇಕು."

ಹೀಗೆ ಎರಡು ಕಣ್ಣಿಗೆ ಎರಡು ಪ್ಲಸ್ಸು ಕಟ್ಟಿಕೊಂಡು ಮಾವ ಮೊಪೆಡ್ಡು ಹತ್ತಿದರು. ಹಿಂದೆ ನಾನು ಹತ್ತಿದೆ. ಯಾಕೆ ಹತ್ತಿದಿರಿ ಅಂತ ಕೇಳಬೇಡಿ. ಬಾಡಿಗೆ ಮನೆ ಸಿಗದವನು ಏನನ್ನಾದರೂ ಹತ್ತುತ್ತಾನೆ.

ನಾಲೆ ಏರಿಯ ಮೇಲೆ ವಾಚು ಓದಿದ ಮೇಲೆ ಮಾವ ಒಂದು ಆವಿಷ್ಕಾರ ಮಾಡಿದರು. "ಅಳಿಯಂದ್ರೇ, ಈ ಪ್ಲಸ್ ಯಾಕ್ ಮಡಗವ್ರೆ ಅಂತ ಈಗ್ ಗೊತ್ತಾಯ್ತು. ಏನ್ ನೋಡ್ಬೇಕೋ ಅದ್ರ ಮ್ಯಾಲೆ ಅದ್ನ ಕೂರಿಸ್ಬೇಕು. ಆಗ ನೆಟ್ಟಗೆ ಕಾಣ್ತದೆ!"

ನೀವು ಮೊಪೆಡ್ಡು ಓಡಿಸಿದ್ದರೆ ನಿಮಗೆ ಗೊತ್ತು, ಕಣ್ಣು ಎಲ್ಲಿ ನಾಟುತ್ತದೋ ಗಾಡಿ ಅಲ್ಲಿಗೇ ಹೋಗುತ್ತದೆ. ಮಾವ ಒಂದು ಮೈಲಿಕಲ್ಲಿನ ಮೇಲೆ ಪ್ಲಸ್ಸು ಕೂರಿಸಿದರು. ನಾವು ಮೈಲಿಕಲ್ಲಿನ ಕಡೆಗೆ ಹೋದೆವು. ಕೊನೆಯ ಗಳಿಗೆಯಲ್ಲಿ ಒಂದು ಎಮ್ಮೆ ಕಣ್ಣಿಗೆ ಬಿದ್ದದ್ದರಿಂದ ಕಲ್ಲು ಉಳಿಯಿತು. ನಾವು ಎಮ್ಮೆಯ ಕಡೆಗೆ ಹೋದೆವು. ಎಮ್ಮೆ ತಿಳಿವಳಿಕೆಯದು, ತಾನೇ ಪಕ್ಕಕ್ಕೆ ಸರಿಯಿತು. ನನ್ನ ಬಲಗಾಲು ಆಗಲೇ ಬ್ರೇಕು ಒತ್ತಲು ಶುರು ಮಾಡಿತ್ತು. ಮೊಪೆಡ್ಡಿಗೆ ಬ್ರೇಕು ಇರುವುದು ಕೈಯಲ್ಲಿ, ಅದೂ ಮುಂದಿನವರ ಕೈಯಲ್ಲಿ, ಎಂಬ ಸಂಗತಿಯನ್ನು ನಾನು ಕಾಲಿಗೆ ಎಷ್ಟು ಹೇಳಿದರೂ ಅದು ಕೇಳಲಿಲ್ಲ.

ಆಗ ಬಂತು ಟ್ರಾಕ್ಟರು. ಎರಡು ಟ್ರೈಲರು ತುಂಬ ಕಬ್ಬು ಹೇರಿಕೊಂಡು, ಏರಿಯ ಅಗಲವೆಲ್ಲ ತನ್ನದೇ ಎಂಬಂತೆ ಎದುರಿಗೆ ಬರುತ್ತಿತ್ತು. ಅದರ ಮೂತಿಯ ಮೇಲೆ ಕೆಂಪು ಬಣ್ಣದಲ್ಲಿ ಏನೋ ಬರೆದಿತ್ತು. ಮಾವ ಅದರ ಮೇಲೆ ಪ್ಲಸ್ಸು ಕೂರಿಸಿದರು.

"ತಾ... ಯಿ... ಯ..." ಅಂತ ಓದತೊಡಗಿದರು.

"ಮಾವ! ಟ್ರಾಕ್ಟರು!"

"ಗೊತ್ತು, ತಡೀರಿ, ಓದ್ತೀನಿ. ತಾಯಿಯ... ಆ..."

ಕಣ್ಣಿನ ಪರೀಕ್ಷೆಯಲ್ಲಿ ಗೋಡೆಗೆ ಹಲಗೆ ನೇತು ಹಾಕಿರುತ್ತಾರಲ್ಲ, ಆ ಹಲಗೆಯೇ ಹಾರನ್ನು ಹೊಡೆದುಕೊಂಡು ನಮ್ಮ ಮೇಲೆ ನಡೆದು ಬಂದಂತಿತ್ತು. ಅಕ್ಷರಗಳು ಒಂದೊಂದೂ ಕುಂಬಳಕಾಯಿಯಷ್ಟು ದಪ್ಪವಾದವು. ನಾನು ವರ್ಷಾವರ್ಷ ಶ್ರೀರಂಗಪಟ್ಟಣದ ಯುದ್ಧವನ್ನು ಪಾಠ ಮಾಡಿದವನು. ಕೋಟೆ ಬಿರುಕು ಬಿಟ್ಟಾಗ ಒಳಗಿದ್ದವರಿಗೆ ಹೇಗನ್ನಿಸಿರಬಹುದು ಅಂತ ಹುಡುಗರು ಕೇಳಿದರೆ, ಆ ದಿನದ ನಂತರ ನಾನು ಪುಸ್ತಕ ನೋಡದೆ ಹೇಳಬಲ್ಲವನಾದೆ.

"ತಾಯಿಯ ಆಸೀರ್ವಾದ!" ಅಂತ ಮಾವ ವಿಜಯೋತ್ಸಾಹದಿಂದ ಓದಿ ಮುಗಿಸಿದರು. ಓದಿ ಮುಗಿದ ಮೇಲೆ ಇನ್ನೇನು ನೋಡುವುದು ಅಂತ ಎಡಕ್ಕೆ ನೋಡಿದರು. ಅಲ್ಲಿ ನಾಟಿಗೆ ಕೆಸರು ಮಾಡಿಟ್ಟಿದ್ದ ಒಂದು ಗದ್ದೆಯಿತ್ತು. ಪ್ಲಸ್ಸು ಅದರ ಮೇಲೆ ಕೂತಿತು. ಬಲಕ್ಕೆ ನೋಡಿದ್ದರೆ ನಾಲೆ, ಅದೂ ತುಂಬಿದ ನಾಲೆ. ಈ ಒಂದು ಮಾತನ್ನು ನಾನು ಇವತ್ತಿಗೂ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತೇನೆ. ಎಡಕ್ಕೆ ನೋಡಿದರು.

ನಾವು ಏರಿ ಇಳಿದೆವು ಅನ್ನಲೇ, ಹಾರಿದೆವು ಅನ್ನಲೇ? ಕೆಸರಿನಲ್ಲಿ ಮೊದಲು ನಾನು, ನನ್ನ ಮೇಲೆ ಮಾವ, ಸ್ವಲ್ಪ ಆಚೆ ಮೊಪೆಡ್ಡು ಇನ್ನೂ ಚಕ್ರ ತಿರುಗಿಸುತ್ತಾ ಬಿದ್ದೆವು. ಒಬ್ಬರಿಗೂ ಒಂದು ತರಚು ಗಾಯವಾಗಲಿಲ್ಲ. ಎಲ್ಲರಿಗಿಂತ ಮೇಲೆ ಮಾವನ ಬಲಗೈ, ಅದರಲ್ಲಿ ಕೆಸರು ಸೋಕದ ಕನ್ನಡಕ. ಬೀಳುವಾಗಲೂ ತೆಗೆದು ಎತ್ತಿ ಹಿಡಿದಿದ್ದರು.

ಟ್ರಾಕ್ಟರಿನವನು ಮಾವನ ಪರಿಚಯದವನೇ, ವಾರಿಗೆಯವನು. ಏರಿಯ ಮೇಲೆ ನಿಂತು ಬೊಬ್ಬೆ ಹೊಡೆದ. "ಲೇ ತಮ್ಮಯ್ಯ! ಕಣ್ ಕಾಣಾಕಿಲ್ವೇನ್ಲಾ ನಿಂಗೆ?"

"ಕಾಣ್ತದೆ ಕಣ್ಲಾ!" ಅಂತ ಮಾವ ಕೆಸರಿನಿಂದ ಕೂಗಿದರು. "ಇವತ್ತೇ ಕಣ್ಲಾ ಕಾಣ್ತಿರೋದು!"

ಮನೆಗೆ ಬರುವ ಮೊದಲು ಕಾಲುವೆಯಲ್ಲಿ ಮೈ ತೊಳೆದು, ಮೊಪೆಡ್ಡು ತೊಳೆಯಲು ನಿಂತಿದ್ದೆವು ಅಂತ ಹೇಳುವುದು ಎಂದು ಒಪ್ಪಂದವಾಯಿತು. ಅತ್ತೆ ನಮ್ಮನ್ನು ಮೇಲಿಂದ ಕೆಳಕ್ಕೆ ನೋಡಿ, ನನ್ನ ಕಿವಿಯಿಂದ ಒಂದು ಹುಲ್ಲಿನ ಎಸಳು ಕಿತ್ತು ತೆಗೆದರು. "ಮೊಪೆಡ್ಡು ಎಲ್ ತೊಳದ್ರಿ ಅಳಿಯಂದ್ರೇ, ಕಿವಿಯೊಳಗಾ?" ಕೀಲಿ ಅವರ ಸೆರಗಿನ ಗಂಟು ಸೇರಿತು. ಗುಜರಿಯವನಿಗೆ ಹೇಳಿಕಳಿಸಿದರು.

ಅವತ್ತಿನಿಂದ ನನಗೆ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ತಾಯಿಯ ಆಶೀರ್ವಾದ ಕುಂಬಳಕಾಯಿ ಅಕ್ಷರದಲ್ಲಿ ಬರುತ್ತಿತ್ತು, ಕಾಲು ಎಗರುತ್ತಿತ್ತು, ಸುಜಾತಳ ಮೊಣಕಾಲಿಗೆ ಒದೆ ಬೀಳುತ್ತಿತ್ತು. ಅವಳು ನಡುವೆ ದಿಂಬು ಇಟ್ಟಳು. ದಿಂಬು ಗೋಡೆ ಸೇರಿತು. ಅವಳು ಚಾಪೆ ಎತ್ತಿಕೊಂಡು ಅವ್ವನ ಹತ್ತಿರ ಹೋದಳು. ಕ್ಲಾಸಿನಲ್ಲಿ ಪಾಠದ ಮಧ್ಯೆ ಹೊರಗೆ ಟ್ರಾಕ್ಟರು ಹೋದರೆ ನಾನು ವೇದಿಕೆಯನ್ನು ದಡ್ಡನೆ ಒದೆಯುತ್ತಿದ್ದೆ. ಹುಡುಗರು ಅದನ್ನು ಮುಖ್ಯವಾದ ಇಸವಿ ಅಂತ ತಿಳಿದು ಗೀಟು ಹಾಕಿಕೊಳ್ಳುತ್ತಿದ್ದರು.

ಮಾವನ ಸ್ಥಿತಿ ಇನ್ನೂ ಕೆಟ್ಟಿತ್ತು. ಅವರು ಜಗಲಿ ಕಂಬಕ್ಕೆ ಒರಗಿ ಕೂತಿದ್ದರು. ಕನ್ನಡಕ ತೆಗೆದಿರಲಿಲ್ಲ, ಗುರುತೂ ಅಳಿಸಿರಲಿಲ್ಲ. ಹೋಗುವ ಕೋಳಿಗೊಂದು ಪ್ಲಸ್ಸು, ಬರುವ ಬಸ್ಸಿಗೊಂದು ಪ್ಲಸ್ಸು ಕೂರಿಸುತ್ತಿದ್ದರು. ಬೀದಿಯಲ್ಲಿ ಹೋಗುವವರು, "ಏನ್ ತಮ್ಮಯ್ಯಣ್ಣ, ಕುಂತ್ಬುಟ್ಟೆ?" ಅಂದರೆ ಅವರ ಮೇಲೂ ಒಂದು ಪ್ಲಸ್ಸು. ಸಾಹೇಬರ ಹತ್ತಿರ ಬಸ್ಸಿನಲ್ಲಿ ಹೋಗಿಬರೋಣ ಅಂದೆ. "ಮೊಪೆಡ್ಡಲ್ ಬಂದ ಗೌಡ ಬಸ್ಸಲ್ ಬಂದ ಅನ್ನಿಸ್ಕಬೇಕಾ?" ಅಂದರು. ಅವರನ್ನು ಹಾಗೆ ನೋಡಿ ನನಗೆ ಕೆಸರಿನಲ್ಲಿ ಬಿದ್ದದ್ದಕ್ಕಿಂತ ಹೆಚ್ಚು ಸಂಕಟವಾಯಿತು.

ಗುಜರಿಯವನು ಬಂದದ್ದು ಒಂದು ಗುರುವಾರ ಸಂಜೆ. ಕರೆಂಟು ಹೋಗುವ ಹೊತ್ತು. ಅತ್ತೆ ಜಗಲಿಯ ಮೇಲೆ ಕೂತು, ದಿನದ ಪದ್ಧತಿಯಂತೆ ಲಾಟೀನಿನ ಗಾಜು ಒರೆಸುತ್ತಿದ್ದರು. ಸೀಮೆಎಣ್ಣೆ ಸೋಕಿಸಿದ ಬಟ್ಟೆ ಅವರ ಕೈಯಲ್ಲಿತ್ತು. ಗುಜರಿಯವನು ಮೊಪೆಡ್ಡಿನ ಸುತ್ತ ಬಂದು ಟೈರು ಒದ್ದು ನೋಡಿದ. ಮಾವ ಎದ್ದು ಹೋಗಿ ಅದರ ಸೀಟಿನ ಮೇಲೆ ಕೈ ಇಟ್ಟು ನಿಂತರು. ಎತ್ತು ಮಾರಿದ ದಿನ ಕೊನೆಯದಾಗಿ ಅದರ ಬೆನ್ನು ಸವರುತ್ತಾರಲ್ಲ, ಹಾಗೆ. ಅತ್ತೆ ಅದನ್ನು ನೋಡಿದರು. ಏನನ್ನಿಸಿತೋ, "ಇಲ್ ಬನ್ನಿ" ಅಂದರು.

ಮಾವ ಹೋದರು. ಅತ್ತೆ ಅವರ ಮುಖವನ್ನೇ ದಿಟ್ಟಿಸಿ, "ಇದೇನು ಗಾಜು ಇಂಗಾಗದೆ, ಕೋಳಿ ತುಳ್ದಂಗೆ!" ಅಂದವರೇ ಕನ್ನಡಕವನ್ನು ಕಿತ್ತುಕೊಂಡರು. "ಲೇ ಲೇ, ಗುರ್ತು, ಗುರ್ತು!" ಅಂತ ಮಾವ ಕೂಗುವಷ್ಟರಲ್ಲಿ ಲಾಟೀನು ಬಟ್ಟೆ ಎರಡು ಸುತ್ತು ತಿರುಗಿತ್ತು. ಪ್ಲಸ್ಸೂ ಹೋಯಿತು, ವೃತ್ತವೂ ಹೋಯಿತು. "ಓಯ್ತು! ಯಾಪಾರ ಮುಗ್ದೋಯ್ತು!" ಅಂತ ಮಾವ ತಲೆ ಮೇಲೆ ಕೈ ಹೊತ್ತರು. ಅತ್ತೆ ಕನ್ನಡಕವನ್ನು ಅವರ ಮೂಗಿಗೆ ಸಿಕ್ಕಿಸಿ, ಸೊಟ್ಟಗಿದ್ದದ್ದನ್ನು ಬೆರಳಲ್ಲಿ ಮೇಲಕ್ಕೆ ತಳ್ಳಿದರು.

ಮಾವ ತಲೆಯ ಮೇಲಿನ ಕೈ ಇಳಿಸಿದರು. ಎದುರಿಗೆ ಅತ್ತೆ, ಅವರ ಹಿಂದೆ ಬೀದಿ, ಬೀದಿಯ ಕೊನೆಗೆ ಹುಣಸೆಮರ. ಒಂದೊಂದನ್ನೇ ನೋಡಿಕೊಂಡು ವಾಪಸ್ಸು ಅತ್ತೆಯ ಮುಖಕ್ಕೆ ಬಂದರು.

"ಈ ಮೂಗುಬಟ್ಟು ಯಾವಾಗ್ ತಗಂಡೆ?"

"ಸುಜಾತನ್ ಮದ್ವೇಲಿ" ಅಂದರು ಅತ್ತೆ.

"ಚೆನ್ನಾಗದೆ" ಅಂದರು ಮಾವ.

ಅತ್ತೆ ಲಾಟೀನಿನ ಗಾಜನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದರು. ಆಮೇಲೆ ಗುಜರಿಯವನಿಗೆ, "ಓಗಪ್ಪ, ಗಾಡಿ ಕೊಡಾಕಿಲ್ಲ. ಅಗೋ ಆ ತೂತು ಕೊಳಗ ಬೇಕಾದ್ರೆ ತಗಂಡೋಗು" ಅಂದರು. ಮಾವನ ಕಡೆ ತಿರುಗಿ, "ಆದ್ರೆ ಸಾಬ್ರು ನೋಡಿ ಸರಿ ಅನ್ನಾಗಂಟ ನೀವ್ ಇಂದೆ. ಅಳಿಯಂದ್ರು ಓಡಿಸ್ಲಿ" ಅಂತ ತೀರ್ಪು ಕೊಟ್ಟರು.

ಮಾರನೆಯ ದಿನ ಶುಕ್ರವಾರ. ನಾನು ಮುಂದೆ, ಮಾವ ಹಿಂದೆ. ನನಗೆ ಮೊಪೆಡ್ಡು ಓಡಿಸಲು ಬರುತ್ತಿದ್ದದ್ದು ಇತಿಹಾಸ ಓದಿದವನಿಗೆ ಬರಬೇಕಾದಷ್ಟೇ. ನಾಲೆ ಏರಿ ಹತ್ತಿದೆವು. ಎದುರಿಗೆ ಒಂದು ಎತ್ತಿನ ಗಾಡಿ ಕಾಣಿಸಿತು.

"ಅಳಿಯಂದ್ರೇ, ಗಾಡಿ."

"ಕಾಣುತ್ತೆ ಮಾವ."

"ಎತ್ತು! ಎತ್ತು ಕಣ್ರೀ! ಬಲಗಡೆ ಎತ್ತು ಗುಮ್ಮಾಕ್ ನೋಡ್ತದೆ, ಅದ್ರ ಕಣ್ಣೇ ಸರಿ ಇಲ್ಲ! ನಿದಾನ! ನಿದಾನಾ!" ಎತ್ತಿನ ಕಣ್ಣಿನ ನರ ಕೂಡ ಅವರಿಗೆ ಈಗ ಸ್ಪಷ್ಟವಾಗಿ ಕಾಣುತ್ತಿತ್ತು, ಅದೇ ತೊಂದರೆ. ದಡ್ ಅಂತ ಸದ್ದು ಕೇಳಿಸಿತು. ತಿರುಗಿ ನೋಡಿದೆ. ಮಾವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಮೈಲಿಕಲ್ಲಿಗೊಮ್ಮೆ ದಡ್, ಎಮ್ಮೆಗೊಮ್ಮೆ ದಡ್. ಶ್ರೀರಂಗಪಟ್ಟಣ ಮುಟ್ಟುವಷ್ಟರಲ್ಲಿ ನನ್ನ ಮೈಯೆಲ್ಲ ಹಗುರಾಗಿತ್ತು. ಯಾಕೆ ಅಂತ ಆಗ ತಿಳಿಯಲಿಲ್ಲ.

ಬಾಷಾ ಸಾಹೇಬರು ಕನ್ನಡಕವನ್ನು ಮೂಸಿ ನೋಡಿ, "ಯಾ ಅಲ್ಲಾ, ಸೀಮೆಎಣ್ಣೇಲಿ ಒರೆಸಿದ್ದೀರಾ?" ಅಂದರು. ಮೂಗಿನ ಹತ್ತಿರ ಸ್ವಲ್ಪ ಬಗ್ಗಿಸಿ, ಕಿವಿಯ ಹತ್ತಿರ ಸ್ವಲ್ಪ ಎತ್ತಿ, ಇನ್ನು ಗಾಡಿ ಓಡಿಸಬಹುದು ಅಂತ ಅಪ್ಪಣೆ ಕೊಟ್ಟರು. ಮಾವ ಟವೆಲ್ಲಿನ ಕೆಳಗೆ ಕೊನೆಯದಾಗಿ ಅವರ ಕೈ ಕುಲುಕಿ ವ್ಯಾಪಾರ ಮುಗಿಸಿದರು. ಆ ಅಪ್ಪಣೆ ಅತ್ತೆಯ ಕಿವಿಗೆ ಬೀಳುವವರೆಗೆ ಅಂತ ವಾಪಸ್ಸು ಬರುವಾಗಲೂ ನಾನೇ ಓಡಿಸಿದೆ. ಮಾವನ ಕಾಲು ದಾರಿಯುದ್ದಕ್ಕೂ ದುಡಿಯಿತು.

ಆ ಶುಕ್ರವಾರ ರಾತ್ರಿ ಊಟ ಮಾಡಿ ಮಲಗಿದವನು ಬೆಳಗ್ಗೆ ಕೋಳಿ ಕೂಗಿ, ಹಾಲು ಕರೆದು, ಮೊದಲ ಬಸ್ಸು ಹೋದ ಮೇಲೆ ಎದ್ದೆ. ಟ್ರಾಕ್ಟರು ಬರಲಿಲ್ಲ, ಕುಂಬಳಕಾಯಿ ಬರಲಿಲ್ಲ. ದಿಂಬು ಇಟ್ಟ ಜಾಗದಲ್ಲೇ ಇತ್ತು. ಅದರಾಚೆ ಸುಜಾತ ಮಲಗಿದ್ದಳು, ಯಾವಾಗ ಚಾಪೆ ವಾಪಸ್ಸು ತಂದಳೋ ಗೊತ್ತಾಗಲಿಲ್ಲ. ಮುಖ ತೊಳೆಯಲು ಹಿತ್ತಿಲಿಗೆ ಹೋದರೆ, ಬಾವಿಕಟ್ಟೆಯ ಮೇಲೆ ಅತ್ತೆ ಕೂತು ಮೊಣಕಾಲಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಏನಾಯ್ತು ಅತ್ತೆ?" ಅಂದೆ.

"ನಿಮ್ ಮಾವ" ಅಂದರು. "ರಾತ್ರಿಯೆಲ್ಲ ಒದ್ದವ್ರೆ."